ಅರ್ಜಿ ಬರೆದವರು

ಕಳೆದ ಆಷಾಢದ ಒಂದು ಸಂಜೆ ನನ್ನ ಹಳೆಯ ಶಿಷ್ಯೆಯೊಬ್ಬಳು ಆರ್.ಟಿ. ನಗರದ ನಮ್ಮ ಮನೆಗೆ ಬಂದಳು. ಹದಿನೇಳು ವರ್ಷಗಳ ಹಿಂದೆ ಪಿ.ಯು.ಸಿ. ತರಗತಿಯಲ್ಲಿ ನನ್ನ ಕನ್ನಡ ಪಾಠ ಕೇಳಿದವಳು. ಈಗ ಹೆಬ್ಬಾಳದಾಚೆಯ ಒಂದು ಪ್ರಯೋಗಶಾಲೆಯಲ್ಲಿ ಕ್ಷಯರೋಗದ ಕ್ರಿಮಿಯನ್ನು ಕುರಿತು ಸಂಶೋಧನೆ ನಡೆಸುತ್ತಾಳೆ. ಕಾಫಿಯಾದ ಮೇಲೆ ಚೀಲದಿಂದ ನಾಲ್ಕು ಹಾಳೆ ತೆಗೆದು ಮುಂದಿಟ್ಟಳು.

"ಸರ್, ಇದನ್ನು ಸ್ವಲ್ಪ ಕನ್ನಡ ಮಾಡಿಕೊಡಬೇಕು."

"ಇದು ಕನ್ನಡದಲ್ಲೇ ಇದೆಯಲ್ಲಮ್ಮ?"

"ಕನ್ನಡ ಅಕ್ಷರದಲ್ಲಿ ಇದೆ ಸರ್."

ಓದಿ ನೋಡಿದೆ. ಅವಳ ಮಾತು ನಿಜ. ಆಸ್ಪತ್ರೆಯಲ್ಲಿ ರೋಗಿಗಳಿಂದ ಕಫದ ಮಾದರಿ ಪಡೆಯುವ ಮುನ್ನ ಅವರಿಗೆ ಓದಿ ಹೇಳಿ ಒಪ್ಪಿಗೆ ಪಡೆಯಬೇಕಾದ ಪತ್ರ ಅದು. 'ಭಾಗವಹಿಸುವವರು ಯಾವುದೇ ಸಮಯದಲ್ಲಿ ಹಿಂತೆಗೆದುಕೊಳ್ಳುವ ಹಕ್ಕನ್ನು ಹೊಂದಿರುತ್ತಾರೆ' ಎಂದಿತ್ತು. ಏನನ್ನು ಹಿಂತೆಗೆದುಕೊಳ್ಳುವುದು, ಕೊಟ್ಟ ಕಫವನ್ನೇ? 'ಬೇಡವೆನಿಸಿದರೆ ಯಾವಾಗ ಬೇಕಾದರೂ ಬಿಟ್ಟುಬಿಡಬಹುದು. ಅದರಿಂದ ನಿಮ್ಮ ಚಿಕಿತ್ಸೆಗೆ ಏನೂ ತೊಂದರೆಯಾಗದು' ಎಂದು ತಿದ್ದಿದೆ. ಹೀಗೆ ನಾಲ್ಕು ಹಾಳೆ ತಿದ್ದುವಷ್ಟರಲ್ಲಿ ರಾತ್ರಿ ಒಂಬತ್ತಾಯಿತು.

ಈ ಪತ್ರ ಒಂದು ದೊಡ್ಡ ಅರ್ಜಿಯ ಚಿಕ್ಕ ಅಂಗವೆಂದು ಆಮೇಲೆ ತಿಳಿಯಿತು. ಅರ್ಜಿ ಸಂಶೋಧನೆಗೆ ಹಣ ಬೇಡುವುದು. ಕ್ಷಯಕ್ಕೆ ಆರಾರು ತಿಂಗಳು ಏಕೆ ಮದ್ದು ನುಂಗಬೇಕು, ಮದ್ದಿಗೆ ಹೆಚ್ಚಿನ ಕ್ರಿಮಿಗಳು ಸತ್ತರೂ ಕೆಲವು ಏಕೆ ಮಲಗಿದಂತೆ ನಟಿಸಿ ಬದುಕುಳಿಯುತ್ತವೆ ಎಂಬುದು ಅವಳ ಪ್ರಶ್ನೆ. ಹಣ ಬಂದರೆ ಅವಳಿಗೆ ಸಂಬಳ, ರಾಸಾಯನಿಕಗಳು, ಒಬ್ಬ ಸಹಾಯಕ. ಬಾರದಿದ್ದರೆ ಬರುವ ಯುಗಾದಿಯ ಹೊತ್ತಿಗೆ ಪ್ರಯೋಗಶಾಲೆಯಲ್ಲಿ ಅವಳ ಮೇಜು ಇನ್ನೊಬ್ಬರ ಪಾಲು. ಡಾಕ್ಟರೇಟ್ ಆದ ಮೇಲೆ ಇಂತಿಷ್ಟು ವರ್ಷಗಳೊಳಗೆ ಮಾತ್ರ ಇಂಥ ಅರ್ಜಿ ಹಾಕಬಹುದೆಂಬ ನಿಯಮ ಬೇರೆ. ಅವಳಿಗೆ ಉಳಿದಿದ್ದುದು ಎರಡು ಅವಕಾಶ. "ನಮ್ಮಮ್ಮ ಕೇಳ್ತಾರೆ ಸರ್, ಮೂವತ್ತನಾಲ್ಕು ವರ್ಷ ಆಯಿತು, ಇನ್ನೂ ಅರ್ಜಿ ಹಾಕ್ತಾನೇ ಇದ್ದೀಯಲ್ಲ, ಕೆಲಸಕ್ಕೆ ಸೇರೋದು ಯಾವಾಗ ಅಂತ. ಇದೇ ಕೆಲಸ ಅಂತ ಹೇಗೆ ಹೇಳಲಿ?" ಎಂದು ನಕ್ಕು ಹೊರಟುಹೋದಳು.

ಅವಳು ಹೋದ ಮೇಲೆ ನನಗೆ ನಿದ್ರೆ ಬೇಗ ಬರಲಿಲ್ಲ. ಶಾಸನ, ಕಾವ್ಯ ಎಂದು ಕಾಲ ಕಳೆದವನು ನಾನು. ವಿಜ್ಞಾನ ನನ್ನ ಕ್ಷೇತ್ರವಲ್ಲ. ಆದರೆ ದಾನ ಕೊಡುವುದು, ದಾನ ಬೇಡುವುದು ಶಾಸನ ಓದಿದವನಿಗೆ ಹೊಸ ವಿಷಯವೇನೂ ಅಲ್ಲವಷ್ಟೆ. ನಮ್ಮ ಬೆಂಗಳೂರಿನ ಉತ್ತರ ಭಾಗದಲ್ಲಿ, ಯಶವಂತಪುರದಿಂದ ಹೆಬ್ಬಾಳ ದಾಟಿ ಯಲಹಂಕದವರೆಗೆ, ಇಂದು ಕಾಣುವ ಪ್ರಯೋಗಶಾಲೆಗಳ ಮೂಲವನ್ನು ಹುಡುಕುತ್ತ ಹೋದರೆ, ಒಂದೊಂದರ ತಳದಲ್ಲಿಯೂ ಯಾರೋ ಬರೆದ ಒಂದು ಅರ್ಜಿ ಸಿಕ್ಕುತ್ತದೆ. ಆ ಅರ್ಜಿಗಳ ಕಥೆಯನ್ನೇ ಇಲ್ಲಿ ಹೇಳಹೊರಟಿದ್ದೇನೆ.

ನಮ್ಮ ಶಾಸನಗಳಲ್ಲಿ ಎರಡು ಬಗೆಯ ದಾನಗಳಿವೆ. ಒಂದು, ಕಾರ್ಯವಾದ ಮೇಲೆ ಕೊಡುವುದು. ಊರಿಗಾಗಿ, ತುರುಗಳಿಗಾಗಿ ಹೋರಾಡಿ ಸತ್ತವನ ಮನೆಯವರಿಗೆ ಬಿಟ್ಟ ಭೂಮಿಯನ್ನು ನೆತ್ತರುಗೊಡಗೆ ಎನ್ನುತ್ತಿದ್ದರು. ಸತ್ತವನಿಗೆ ಕಲ್ಲು, ಉಳಿದವರಿಗೆ ಹೊಲ. ನಮ್ಮ ಹೆಬ್ಬಾಳದಲ್ಲಿಯೇ 2018ರಲ್ಲಿ ಎಂಟನೆಯ ಶತಮಾನದ ಒಂದು ವೀರಗಲ್ಲು ಬೆಳಕಿಗೆ ಬಂತು. ಗಂಗರ ಶ್ರೀಪುರುಷನ ಕಾಲದ ಕಿತ್ತಯ್ಯನೆಂಬ ವೀರನದು. ಆ ಕಲ್ಲನ್ನು ನಿಲ್ಲಿಸಿದವರ ಕೃತಜ್ಞತೆ ದೊಡ್ಡದು, ಸಂದೇಹವಿಲ್ಲ. ಆದರೆ ಅದನ್ನು ನೋಡಲು ಕಿತ್ತಯ್ಯನಿರಲಿಲ್ಲ.

ಇನ್ನೊಂದು ಬಗೆಯ ದಾನ, ಕಾರ್ಯಕ್ಕೆ ಮುಂಚೆಯೇ ಕೊಡುವುದು. ಕ್ರಿ.ಶ. 945ರ ಸಾಲೋಟಗಿಯ ಶಾಸನ ಇಂಥದು. ಈಗಿನ ವಿಜಯಪುರ ಜಿಲ್ಲೆಯ ಆ ಊರಿನಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣನೆಂಬುವನು ಶಾಲೆ ಕಟ್ಟಿಸಿದ. ದೂರದೇಶಗಳಿಂದ ಬರುವ ವಿದ್ಯಾರ್ಥಿಗಳು ಇರುವುದಕ್ಕೆ 27 ಮನೆಗಳ ಏರ್ಪಾಡಾಯಿತು. ದೀಪದ ಎಣ್ಣೆಗೆ ಕೂಡ ಭೂಮಿ ಬಿಟ್ಟರು. ಕಲಬುರಗಿ ಸೀಮೆಯ ನಾಗಾವಿಯ ಘಟಿಕಾಸ್ಥಾನದಲ್ಲಿ, 1058ರ ಶಾಸನದ ಪ್ರಕಾರ, ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು ಸುಮಾರು 50 ಮಂದಿ. ಪುಸ್ತಕ ಕಾಯುವ ಸರಸ್ವತೀ ಭಂಡಾರಿಗರೇ ಆರು ಜನ. ಇವರಲ್ಲಿ ಯಾರು ಪಂಡಿತರಾಗುತ್ತಾರೆ, ಯಾರು ದಡ್ಡರಾಗಿ ಉಳಿಯುತ್ತಾರೆ ಎಂಬುದು ದಾನ ಕೊಟ್ಟವನಿಗೆ ಗೊತ್ತಿರಲಿಲ್ಲ. ಗೊತ್ತಾಗುವವರೆಗೆ ಅವನು ಕಾಯಲೂ ಇಲ್ಲ. ಓದುವ ಹುಡುಗನಿಗೆ ರಾತ್ರಿ ದೀಪ ಬೇಕು, ಎಣ್ಣೆಗೆ ಹೊಲ ಬೇಕು; ಲೆಕ್ಕ ಇಷ್ಟೆ. ಇಂದಿನ ಸಂಶೋಧನ ವೇತನಗಳೆಲ್ಲ ಈ ಎರಡನೆಯ ಜಾತಿಗೆ ಸೇರಬೇಕಾದವು. ಸೇರುತ್ತವೆಯೋ ಇಲ್ಲವೋ ಮುಂದೆ ನೋಡೋಣ.

ಬೆಂಗಳೂರಿನ ಆಟೋ ಚಾಲಕರು ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಿಂದ ನಮ್ಮ ಕಥೆ ಮೊದಲಾಗಬೇಕು. ಜಮ್‌ಷೇಟ್‌ಜಿ ಟಾಟಾ ಅವರು 1892ರಲ್ಲಿಯೇ ಒಂದು ದತ್ತಿ ಇಟ್ಟು, ತರುಣ ಭಾರತೀಯರು ಹೊರದೇಶಕ್ಕೆ ಹೋಗಿ ಓದುವುದಕ್ಕೆ ಸಾಲವಾಗಿ ಹಣ ಕೊಡತೊಡಗಿದರು. ಮೊದಲು ಪಡೆದವರಲ್ಲಿ ಒಬ್ಬರು ಫ್ರೇನಿ ಕಾಮಾ ಎಂಬ ವೈದ್ಯೆ ಎಂಬುದನ್ನು ಗಮನಿಸಬೇಕು. ಹೊರದೇಶಕ್ಕೆ ಕೆಲವರನ್ನು ಕಳಿಸಿದರೆ ಸಾಲದು, ಸಂಶೋಧನೆ ಇಲ್ಲಿಯೇ ನಡೆಯಬೇಕು ಎಂಬುದು ಅವರ ಮುಂದಿನ ಯೋಚನೆ. 1898ರಲ್ಲಿ ಅದಕ್ಕಾಗಿ ಸುಮಾರು 30 ಲಕ್ಷ ರೂಪಾಯಿ ಬೆಲೆಬಾಳುವ ಸ್ವಂತ ಆಸ್ತಿಯನ್ನು ಕೊಡಲು ಮುಂದೆ ಬಂದರು. ಬರ್ಜೋರ್ಜಿ ಪಾದ್‌ಶಾ ಅವರು ಯುರೋಪು ಅಮೆರಿಕಗಳನ್ನು ಸುತ್ತಿ ಯೋಜನೆಯ ಕರಡು ಸಿದ್ಧಪಡಿಸಿದರು. ಆ ಕರಡಿನಲ್ಲಿ ವಿಜ್ಞಾನದ ವಿಭಾಗದ ಜೊತೆಗೆ ತತ್ತ್ವಶಾಸ್ತ್ರ ಹಾಗೂ ಶಿಕ್ಷಣದ ವಿಭಾಗವೊಂದು, ವೈದ್ಯ ಸಂಶೋಧನೆಯ ವಿಭಾಗವೊಂದು ಇದ್ದವು.

ಆಮೇಲೆ ನಡೆದದ್ದು ಸ್ವಾರಸ್ಯದ ಸಂಗತಿ. ಹಣ ಕೊಡುವವರು ಟಾಟಾ. ಆದರೂ ಅರ್ಜಿದಾರರೂ ಅವರೇ ಆದರು. ಸರ್ಕಾರದ ಒಪ್ಪಿಗೆಯಿಲ್ಲದೆ, ಸರ್ಕಾರದ ಪಾಲಿನ ಹಣವಿಲ್ಲದೆ ಅಷ್ಟು ದೊಡ್ಡ ಸಂಸ್ಥೆ ನಡೆಯುವಂತಿರಲಿಲ್ಲ. 1898ರ ಡಿಸೆಂಬರ್ 31ರಂದು, ಹೊಸ ವೈಸರಾಯ್ ಲಾರ್ಡ್ ಕರ್ಜನ್ ಮುಂಬಯಿಗೆ ಬಂದಿಳಿದ ಮರುದಿನವೇ, ಯೋಜನೆಯನ್ನು ಅವನ ಮುಂದಿಟ್ಟರು. ಕರ್ಜನ್ ಕೇಳಿದ ಪ್ರಶ್ನೆ ಎರಡು: ಇಷ್ಟು ಎತ್ತರದ ವಿದ್ಯೆಗೆ ವಿದ್ಯಾರ್ಥಿಗಳು ಎಲ್ಲಿ ಸಿಕ್ಕುತ್ತಾರೆ? ಸಿಕ್ಕಿ ಕಲಿತರೂ ಅವರಿಗೆ ಉದ್ಯೋಗ ಎಲ್ಲಿದೆ? ಸಂಸ್ಥೆಯೇ ಇಲ್ಲದೆ ವಿದ್ಯಾರ್ಥಿಗಳನ್ನು ತೋರಿಸು ಎಂದರೆ, ಬಾವಿ ತೋಡುವ ಮೊದಲೇ ನೀರು ತೋರಿಸು ಎಂದಂತಾಯಿತಲ್ಲವೆ! ನನ್ನ ಶಿಷ್ಯೆಯ ಅರ್ಜಿಯಲ್ಲಿಯೂ ಈ ಸಂಶೋಧನೆ ಯಶಸ್ವಿಯಾಗುವುದೆಂಬುದಕ್ಕೆ ಆಧಾರವೇನು ಎಂಬ ಒಂದು ಅಂಕಣವಿದೆ.

1900ರಲ್ಲಿ ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ಬಂದು ಭಾರತ ಸುತ್ತಿದರು. ಸ್ಥಳಕ್ಕೆ ಬೆಂಗಳೂರೇ ಯೋಗ್ಯವೆಂದರು. ಆದರೆ ಯೋಜನೆಯನ್ನು ಬಹಳ ಕಿರಿದುಗೊಳಿಸಿದರು. 1901ರಲ್ಲಿ ಮ್ಯಾಸನ್ ಮತ್ತು ಕ್ಲಿಬರ್ನ್ ಎಂಬಿಬ್ಬರ ಇನ್ನೊಂದು ಸಮಿತಿ ಬಂತು. ಸಮಿತಿಗಳ ಮೇಲೆ ಸಮಿತಿ ಕಳೆಯುತ್ತಿರಲು 1904ರಲ್ಲಿ ಟಾಟಾ ತೀರಿಕೊಂಡರು. ಮೈಸೂರಿನವರು ಮಾತ್ರ ಹಿಂದೆಗೆಯಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಿಂದಲೂ ಸರ್ಕಾರ ಒಲವು ತೋರಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ 1907ರಲ್ಲಿ 371 ಎಕರೆ ಭೂಮಿಯನ್ನು ಬಿಟ್ಟುಕೊಟ್ಟಿತು. ಕಟ್ಟಡಕ್ಕೆ 5 ಲಕ್ಷ ರೂಪಾಯಿ, ವರ್ಷವರ್ಷಕ್ಕೆ 50,000 ರೂಪಾಯಿ ಎಂದು ಗೊತ್ತುಮಾಡಿತು. ಇಂಪೀರಿಯಲ್ ಸರ್ಕಾರದ ಆಜ್ಞೆ ಹೊರಟದ್ದು 1909ರ ಮೇ 27ರಂದು. ಮಹಾರಾಜರು ಅಡಿಗಲ್ಲಿಟ್ಟದ್ದು 1911ರ ಫೆಬ್ರವರಿಯಲ್ಲಿ. ಮೊದಲ ವಿದ್ಯಾರ್ಥಿಗಳು ಸೇರಿದ್ದು ಅದೇ ವರ್ಷದ ಜುಲೈಯಲ್ಲಿ. ಅರ್ಜಿಗೂ ಮೊದಲ ವಿದ್ಯಾರ್ಥಿಗೂ ನಡುವೆ ಹನ್ನೆರಡೂವರೆ ವರ್ಷ. ಕಾದವರು ದೇಶದ ಅತ್ಯಂತ ಶ್ರೀಮಂತರಲ್ಲೊಬ್ಬರು ಎಂಬುದನ್ನು ಮರೆಯಬಾರದು.

ಈ ನಡುವೆ ವೈದ್ಯವಿಭಾಗ ಎಲ್ಲಿ ಹೋಯಿತು? ಕಿರಿದುಗೊಳಿಸುವವರ ಕತ್ತರಿಗೆ ಸಿಕ್ಕಿ ಹೋಯಿತು. ಬೆಂಗಳೂರಿಗೆ ಪ್ಲೇಗು ಬಂದದ್ದೂ 1898ರಲ್ಲಿಯೇ. ಪೇಟೆಯ ಇಕ್ಕಟ್ಟಿನಲ್ಲಿ ಜನ ಸಾಯುವುದನ್ನು ಕಂಡ ಮೇಲೆಯೇ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬಿರುಸಿನಿಂದ ಬೆಳೆದದ್ದು. ಹಾಗೆ ಪ್ಲೇಗಿನ ಭಯದಿಂದ ಬೆಳೆದ ಮಲ್ಲೇಶ್ವರದ ಪಕ್ಕದಲ್ಲಿಯೇ ತಲೆಯೆತ್ತಿದ ಸಂಸ್ಥೆಯಲ್ಲಿ ಮನುಷ್ಯನ ರೋಗಕ್ಕೆ ಪ್ರತ್ಯೇಕ ವಿಭಾಗವಿರಲಿಲ್ಲ. ಆ ಸಂಸ್ಥೆ ತನ್ನ ಆವರಣದಲ್ಲಿ ವೈದ್ಯ ಶಾಲೆಯನ್ನೂ ಆಸ್ಪತ್ರೆಯನ್ನೂ ಕಟ್ಟುವುದಾಗಿ ಪ್ರಕಟಿಸಿದ್ದು 2022ರಲ್ಲಿ. ಅದೂ ಎರಡು ಕುಟುಂಬಗಳು 425 ಕೋಟಿ ರೂಪಾಯಿ ದತ್ತಿ ಕೊಟ್ಟಾಗ. 1898ರ ಕರಡಿನ ಒಂದು ಅಧ್ಯಾಯ ನೂರಿಪ್ಪತ್ತನಾಲ್ಕು ವರ್ಷಗಳ ಅನಂತರ ಮತ್ತೆ ತೆರೆಯಿತು.

ಮನುಷ್ಯನಿಗಿಂತ ಮುಂಚೆ ದನಗಳಿಗೆ ಅದೃಷ್ಟ ಕೂಡಿಬಂತು. ಹೆಬ್ಬಾಳದಲ್ಲಿ 1899ರಷ್ಟು ಹಿಂದೆಯೇ, ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿದ್ದಾಗ, 30 ಎಕರೆಯಲ್ಲಿ ಬೇಸಾಯದ ಪ್ರಯೋಗಕ್ಷೇತ್ರ ಏರ್ಪಟ್ಟಿತ್ತು. 1925ರಲ್ಲಿ ಅದೇ ಹೆಬ್ಬಾಳದಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಹುಟ್ಟಿತು. ರಿಂಡರ್‌ಪೆಸ್ಟ್ ಎಂಬ ದನಗಳ ಮಾರಿಗೆ ಮದ್ದು ತಯಾರಿಸುವುದು ಅದರ ಕೆಲಸ. ಒಂದು ಕೊಟ್ಟಿಗೆಗೆ ಆ ರೋಗ ಹೊಕ್ಕರೆ ಉಳುವುದಕ್ಕೆ ಒಂದು ಜೊತೆ ಎತ್ತೂ ಉಳಿಯುತ್ತಿರಲಿಲ್ಲ. ಎತ್ತಿಲ್ಲದ ರೈತನಿಂದ ಕಂದಾಯವೂ ಇಲ್ಲ. ಲಾಭ ನಷ್ಟ ಕಣ್ಣಿಗೆ ಹೊಡೆದು ಕಾಣುವಲ್ಲಿ ಸರ್ಕಾರದ ಕೈ ಬೇಗ ಸಡಿಲುತ್ತದೆ. ಫಲವೂ ಸಿಕ್ಕಿತೆನ್ನಿ. ಇಂಥ ಅನೇಕ ಸಂಸ್ಥೆಗಳ ದುಡಿಮೆಯಿಂದ 2011ರಲ್ಲಿ ಆ ಮಾರಿ ಭೂಮಿಯಿಂದಲೇ ತೊಲಗಿತೆಂದು ಸಾರಲಾಯಿತು. ಮನುಷ್ಯರ ಸಿಡುಬಿನ ಅನಂತರ ಹಾಗೆ ನಿರ್ನಾಮವಾದ ರೋಗ ಇದೊಂದೇ. ಆದರೆ ಲಾಭ ಮೊದಲೇ ಕಾಣದ ಪ್ರಶ್ನೆಗಳನ್ನು ಹಿಡಿದವರ ಪಾಡೇನು?

1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಮೊದಲಿಗಳಾಗಿ ತೇರ್ಗಡೆಯಾಗಿ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದಳು. ತಂದೆ, ಚಿಕ್ಕಪ್ಪ ಇಬ್ಬರೂ ಅಲ್ಲಿಯೇ ಕಲಿತ ರಸಾಯನ ವಿಜ್ಞಾನಿಗಳು. ಆಗಷ್ಟೇ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. ಅರ್ಜಿ ತಿರಸ್ಕೃತವಾಯಿತು, ಕಾರಣ, ಅರ್ಜಿದಾರಳು ಹೆಣ್ಣು. ಕಮಲಾ ಅಷ್ಟಕ್ಕೆ ಮನೆಯಲ್ಲಿ ಕೂರಲಿಲ್ಲ. ನೇರವಾಗಿ ಬಂದು ರಾಮನ್ನರ ಎದುರು ನಿಂತು ಕಾರಣ ಕೇಳಿದಳು. ಕೊನೆಗೆ ಪ್ರವೇಶ ಸಿಕ್ಕಿತು, ಷರತ್ತುಗಳ ಮೇಲೆ. ಮೊದಲ ಒಂದು ವರ್ಷ ಅವಳು ಕ್ರಮಬದ್ಧ ವಿದ್ಯಾರ್ಥಿನಿಯಲ್ಲ; ಕೆಲಸ ನಿರ್ದೇಶಕರಿಗೆ ಒಪ್ಪಿಗೆಯಾದರೆ ಮಾತ್ರ ಮುಂದಿನ ಮಾತು; ಮಾರ್ಗದರ್ಶಕರು ಹೇಳಿದರೆ ಅಪರಾತ್ರಿಯವರೆಗೂ ದುಡಿಯಬೇಕು; ಪ್ರಯೋಗಶಾಲೆಯ ವಾತಾವರಣ ಕೆಡಿಸಬಾರದು.

ಆಕೆಗೆ ಮಾರ್ಗದರ್ಶಕರಾದ ಎಂ. ಶ್ರೀನಿವಾಸಯ್ಯನವರು ಕಟ್ಟುನಿಟ್ಟಿನವರು, ಕಲಿಸುವ ಮನಸ್ಸುಳ್ಳವರು. ಹಾಲಿನಲ್ಲಿ, ಬೇಳೆಕಾಳುಗಳಲ್ಲಿ ಇರುವ ಪ್ರೋಟೀನುಗಳು ಅವಳ ವಿಷಯ. ಬಡವನ ತಟ್ಟೆಯಲ್ಲಿ ಮಾಂಸವಿಲ್ಲ, ಹಾಲು ಅಪರೂಪ. ಬೇಳೆಯೇ ಅವನ ಶಕ್ತಿ. ಆ ಬೇಳೆಯಲ್ಲಿ ಏನಿದೆ ಎಂದು ತಿಳಿಯುವುದು ವೈದ್ಯಕ್ಕೂ ಅಡಿಗೆಮನೆಗೂ ನಡುವಣ ವಿದ್ಯೆ. ವರ್ಷ ಕಳೆಯಿತು, ರಾಮನ್ ಒಪ್ಪಿದರು. 1936ರಲ್ಲಿ ಕಮಲಾ ಎಂ.ಎಸ್‌ಸಿ. ಮುಗಿಸಿ, ಮುಂಬಯಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿವೇತನದ ಬಲದಿಂದ ಕೇಂಬ್ರಿಜ್‌ಗೆ ಹೋದಳು. ಗಿಡಗಳ ಜೀವಕೋಶಗಳಲ್ಲಿಯೂ ಉಸಿರಾಟಕ್ಕೆ ನೆರವಾಗುವ ಸೈಟೋಕ್ರೋಮ್-ಸಿ ಇದೆಯೆಂದು ತೋರಿಸಿದ ಅವಳ ಪ್ರಬಂಧ ನಲವತ್ತೇ ಪುಟದ್ದು. 1939ರಲ್ಲಿ ಡಾಕ್ಟರೇಟ್ ಪಡೆದು ಸ್ವದೇಶಕ್ಕೆ ಮರಳಿದಳು. ಮುಂದೆ ಕಮಲಾ ಸೊಹೊನಿ ಎಂಬ ಹೆಸರಿನಿಂದ ದೆಹಲಿ, ಕೂನೂರು, ಮುಂಬಯಿಗಳಲ್ಲಿ ಕೆಲಸಮಾಡಿ, ನೀರಾದ ಪೌಷ್ಟಿಕ ಗುಣದ ಬಗ್ಗೆ ಸಂಶೋಧನೆ ನಡೆಸಿ, 1998ರಲ್ಲಿ ತೀರಿಕೊಂಡರು.

ರಾಮನ್ ದೊಡ್ಡ ವಿಜ್ಞಾನಿ, ಆದರೆ ಆ ವಿಷಯದಲ್ಲಿ ಅವರ ಮನಸ್ಸು ಚಿಕ್ಕದಾಗಿತ್ತು ಎಂಬ ಅರ್ಥದ ಮಾತನ್ನು ಆಕೆ ವೃದ್ಧಾಪ್ಯದಲ್ಲಿಯೂ ಆಡಿದರು. ಅರವತ್ತು ವರ್ಷ ಆರದ ಗಾಯ ಅದು. ಷರತ್ತಿನ ಆ ಒಂದು ವರ್ಷದಿಂದ ಸಂಸ್ಥೆಗೆ ಆದ ಲಾಭವೇನೆಂದು ಯೋಚಿಸಿದ್ದೇನೆ. ಅವಳು ಯೋಗ್ಯಳೆಂದು ತಿಳಿಯಿತು, ಅಷ್ಟೆ. ಅದು ಅರ್ಜಿಯಲ್ಲಿಯೇ ಇತ್ತು! ಹಾಗೆ ಎದುರು ನಿಂತು ಕೇಳುವ ಧೈರ್ಯವಿಲ್ಲದೆ ಹಿಂದಿರುಗಿದವರು ಎಷ್ಟು ಮಂದಿಯೋ. ಅವರ ಹೆಸರು ಯಾವ ಕಡತದಲ್ಲಿಯೂ ಇರುವುದಿಲ್ಲ. ನಮ್ಮ ವಿಜ್ಞಾನದ ಇತಿಹಾಸದಲ್ಲಿ ಬರೆಯಲಾಗದ ಅಧ್ಯಾಯವೆಂದರೆ ಅವರದೇ.

ಹಾಗೆಂದು ಕೊಡುವ ಕೈಗಳೇ ಇರಲಿಲ್ಲವೆಂದಲ್ಲ. ವೈದ್ಯ ಸಂಶೋಧನೆಗೆ ಹಣ ಒದಗಿಸಲೆಂದೇ 1911ರಲ್ಲಿ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ ಹುಟ್ಟಿತ್ತು. ಸ್ವಾತಂತ್ರ್ಯದ ಮೇಲೆ, 1949ರಲ್ಲಿ, ಅದೇ ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯಾಯಿತು. ಜಮ್‌ಷೇಟ್‌ಜಿಯವರ ಮಗ ದೊರಾಬ್‌ಜಿ ಟಾಟಾ, ರಕ್ತದ ಕ್ಯಾನ್ಸರಿನಿಂದ 1931ರಲ್ಲಿ ತೀರಿಕೊಂಡ ಮಡದಿ ಮೆಹರ್‌ಬಾಯಿಯವರ ನೆನಪಿಗೆ 1932ರಲ್ಲಿ ಲೇಡಿ ಟಾಟಾ ಸ್ಮಾರಕ ದತ್ತಿಯನ್ನಿಟ್ಟರು. ಅದರ ವರಮಾನದ ಐದರಲ್ಲಿ ನಾಲ್ಕು ಪಾಲು ಪ್ರಪಂಚದ ಯಾವ ಮೂಲೆಯಲ್ಲಾದರೂ ಆ ರೋಗದ ಮೇಲೆ ಕೆಲಸ ಮಾಡುವವರಿಗೆ. ಉಳಿದ ಒಂದು ಪಾಲು ಮನುಷ್ಯರ ರೋಗರುಜಿನಗಳ ನಿವಾರಣೆಗೆ ಶ್ರಮಿಸುವ ಭಾರತೀಯ ಸಂಶೋಧಕರಿಗೆ. ಷಾಜಹಾನ್ ಅಮೃತಶಿಲೆಯಲ್ಲಿ ಮಾಡಿದ್ದನ್ನು ಈತ ವಿದ್ಯಾರ್ಥಿವೇತನದಲ್ಲಿ ಮಾಡಿದ. ತಾಜಮಹಲನ್ನು ನೋಡಲು ಜನ ಸಾಲುಗಟ್ಟುತ್ತಾರೆ. ಈ ಸ್ಮಾರಕವನ್ನು ಬಲ್ಲವರು ಅದರಿಂದ ಓದಿದವರು ಮಾತ್ರ.

ಇನ್ನೊಂದು ಅರ್ಜಿಯ ಕಥೆಗೆ ಬರೋಣ. 1939ರಲ್ಲಿ ಕೇಂಬ್ರಿಜ್‌ನಿಂದ ರಜೆಗೆಂದು ಊರಿಗೆ ಬಂದ ಹೋಮಿ ಭಾಭಾ, ಯುದ್ಧ ಮೊದಲಾದ್ದರಿಂದ ಹಿಂತಿರುಗಲಾರದೆ ಇಲ್ಲಿಯೇ ಉಳಿದರು. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ರಾಮನ್ನರ ಕೈಕೆಳಗೆ ರೀಡರಾದರು. ಸರ್ ದೊರಾಬ್‌ಜಿ ಟಾಟಾ ದತ್ತಿಯ ಹಣದಿಂದ ಕಾಸ್ಮಿಕ್ ಕಿರಣಗಳ ಸಂಶೋಧನೆಗೆ ಒಂದು ಘಟಕ ತೆರೆದರು. 1944ರ ಮಾರ್ಚ್ 12ರಂದು ಅದೇ ದತ್ತಿಯ ಅಧ್ಯಕ್ಷರಾದ ಸೊರಾಬ್ ಸಕ್ಲಾತ್‌ವಾಲಾ ಅವರಿಗೆ ಒಂದು ಕಾಗದ ಬರೆದು, ಮೂಲವಿಜ್ಞಾನಕ್ಕೆ ಒಂದು ಸಂಸ್ಥೆ ಬೇಕೆಂದು ಕೇಳಿದರು. ಭಾಭಾ ಅವರಿಗೆ ಆಗ ವಯಸ್ಸು 34. ದತ್ತಿಯವರು ಮುಂದಿನ ತಿಂಗಳೇ ಒಪ್ಪಿದರು. 1945ರ ಜೂನ್ 1ರಂದು ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಬೆಂಗಳೂರಿನ ಆ ಆವರಣದಲ್ಲಿಯೇ ಹುಟ್ಟಿ, ಅದೇ ವರ್ಷದ ಕೊನೆಗೆ ಮುಂಬಯಿಗೆ ಹೋಯಿತು. ತಂದೆಯ ಅರ್ಜಿಗೆ ಹನ್ನೆರಡೂವರೆ ವರ್ಷ. ಮಗನ ಹೆಸರಿನ ದತ್ತಿಗೆ ಬರೆದ ಅರ್ಜಿಗೆ ಹದಿನೈದು ತಿಂಗಳೂ ತುಂಬಲಿಲ್ಲ. ಭಾಭಾ ಅವರಿಗೆ ಹೆಸರಿತ್ತು, ಮನೆತನದ ನಂಟೂ ಇತ್ತು ಎಂದು ಯಾರಾದರೂ ಹೇಳಬಹುದು. ನಿಜವೇ. ಆದರೆ ಅವರು ತಾವು ಪಡೆದುದನ್ನು ಇತರರಿಗೆ ಕೊಡುವಾಗ ಹೇಗೆ ನಡೆದುಕೊಂಡರೆಂಬುದನ್ನೂ ನೋಡಬೇಕು.

ಒಬೈದ್ ಸಿದ್ದಿಕಿ ಎಂಬ ತರುಣ ಗ್ಲಾಸ್ಗೋದಲ್ಲಿ ತಳಿವಿಜ್ಞಾನ ಕಲಿತು, ಅಮೆರಿಕದಲ್ಲಿ ಬ್ಯಾಕ್ಟೀರಿಯಗಳ ಮೇಲೆ ಕೆಲಸ ಮಾಡುತ್ತಿದ್ದ. ಲಿಯೋ ಜಿಲಾರ್ಡ್ ಎಂಬ ಪ್ರಸಿದ್ಧ ಭೌತವಿಜ್ಞಾನಿ ಅವನ ವಿಷಯವಾಗಿ ಭಾಭಾ ಅವರಿಗೆ ಒಂದು ಮಾತು ಬರೆದರು. ಭಾಭಾ ಅವರದು ಭೌತವಿಜ್ಞಾನ, ಗಣಿತಗಳ ಸಂಸ್ಥೆ. ಬ್ಯಾಕ್ಟೀರಿಯಕ್ಕೆ ಅಲ್ಲಿ ಏನು ಕೆಲಸ ಎಂದು ಅವರು ಕೇಳಲಿಲ್ಲ. ಒಳ್ಳೆಯ ಮನುಷ್ಯ ಸಿಕ್ಕಿದರೆ ಅವನ ಸುತ್ತ ವಿಭಾಗವನ್ನು ಬೆಳೆಸಬೇಕು, ವಿಭಾಗ ಕಟ್ಟಿ ಮನುಷ್ಯನನ್ನು ಹುಡುಕಬಾರದು ಎಂಬುದು ಅವರ ತತ್ತ್ವ. 1962ರಲ್ಲಿ, ಮೂವತ್ತರ ವಯಸ್ಸಿನ ಸಿದ್ದಿಕಿಗಾಗಿ ಅಲ್ಲಿ ಅಣುಜೀವವಿಜ್ಞಾನದ ಘಟಕ ತೆರೆಯಿತು. ಮುಂದೆ ಅವರು ಬಾಳೆಹಣ್ಣಿನ ಮೇಲೆ ಮುತ್ತುವ ಹಣ್ಣುನೊಣಗಳನ್ನು ಹಿಡಿದು, ಅವುಗಳ ನರಗಳನ್ನೂ ವಾಸನೆ ರುಚಿಗಳ ಅರಿವನ್ನೂ ಶೋಧಿಸಿದರು. ನೊಣದ ಮೂಗಿನಿಂದ ದೇಶಕ್ಕೇನು ಲಾಭವೆಂದು ಕರ್ಜನ್ ಇದ್ದಿದ್ದರೆ ಕೇಳುತ್ತಿದ್ದನೋ ಏನೋ. ಮನುಷ್ಯನ ನರರೋಗಗಳ ಎಷ್ಟೋ ಗುಟ್ಟುಗಳನ್ನು ಇಂದು ಜಗತ್ತಿನ ಪ್ರಯೋಗಶಾಲೆಗಳು ಹುಡುಕುತ್ತಿರುವುದು ಆ ನೊಣದಲ್ಲಿಯೇ.

ಆ ಘಟಕದ ಕುಡಿಯೇ ನಮ್ಮ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರ. ತೊಂಬತ್ತರ ದಶಕದ ಮೊದಲಿಗೆ ಸಿದ್ದಿಕಿಯವರ ನೇತೃತ್ವದಲ್ಲಿ ಅದು ಬೆಂಗಳೂರಿಗೆ ಬಂದಾಗ ಮೊದಲು ತಂಗಿದ್ದು ಟಾಟಾ ಇನ್‌ಸ್ಟಿಟ್ಯೂಟಿನ ಆವರಣದಲ್ಲಿ, ಎಂದರೆ ತಾಯಿಸಂಸ್ಥೆ ಹುಟ್ಟಿದ ತವರಿನಲ್ಲಿ. ಅನಂತರ ಬಳ್ಳಾರಿ ರಸ್ತೆಯ ಜಿ.ಕೆ.ವಿ.ಕೆ.ಯಲ್ಲಿ, ಕೃಷಿ ವಿಶ್ವವಿದ್ಯಾನಿಲಯದ ನೆಲದಲ್ಲಿ, ಸ್ವಂತ ಮನೆ ಮಾಡಿತು. ಹೆಬ್ಬಾಳ ದಾಟಿ ಯಲಹಂಕದ ಕಡೆ ಹೋಗುವಾಗ ಎಡಕ್ಕೆ ಮರಗಳ ಹಿಂದೆ ಮರೆಯಾಗಿರುವುದು ಅದೇ. ಜಕ್ಕೂರಿನಲ್ಲಿ 1989ರಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರ ಹುಟ್ಟಿತು, 2009ರಲ್ಲಿ ಜಿ.ಕೆ.ವಿ.ಕೆ.ಯಲ್ಲಿಯೇ ಕಾಂಡಕೋಶ ಸಂಶೋಧನೆಯ ಇನ್‌ಸ್ಟೆಮ್ ಬಂತು. 2020ರಲ್ಲಿ ಕೊರೋನಾ ಕಾಲಿಟ್ಟಾಗ, ನೊಣ, ಕೋಶ ಎಂದು ತಮ್ಮ ಪಾಡಿಗಿದ್ದ ಇಲ್ಲಿಯ ತರುಣ ಸಂಶೋಧಕರು ಸೋಂಕಿನ ಪರೀಕ್ಷೆಗೆ ನಿಂತರು. ಪಿಡುಗು ಬಂದ ದಿನ ಅರ್ಜಿ ಕರೆದು ಅಂಥವರನ್ನು ತಯಾರಿಸಲಾಗುತ್ತಿತ್ತೆ? ಹತ್ತಾರು ವರ್ಷ ಮುಂಚೆ ಯಾರೋ ಸುರಿದ ದೀಪದ ಎಣ್ಣೆ ಅಂದು ಬೆಳಕಾಯಿತು.

ಈಗಿನ ಕಾಲದಲ್ಲಿ ಕೊಡುವ ಕೈಗಳು ಹೆಚ್ಚಿವೆ, ಅದನ್ನು ಮುಚ್ಚಿಡಬಾರದು. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಇಂಗ್ಲೆಂಡಿನ ವೆಲ್‌ಕಮ್ ಟ್ರಸ್ಟೂ ಸಮಪಾಲು ಹಾಕಿ 2008ರಲ್ಲಿ ಇಂಡಿಯಾ ಅಲಯನ್ಸ್ ಎಂಬ ಏರ್ಪಾಟನ್ನು ಮಾಡಿದವು. ವೈದ್ಯ ಸಂಬಂಧದ ಜೀವವಿಜ್ಞಾನದಲ್ಲಿ ಹೊಸದಾಗಿ ಕಾಲಿಟ್ಟವರಿಗೆ ಫೆಲೋಷಿಪ್ ಕೊಡುವುದು ಅದರ ಮುಖ್ಯ ಕೆಲಸಗಳಲ್ಲೊಂದು. ಅದರ ಮೂರನೆಯ ಘಟ್ಟಕ್ಕೆ 2025ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು: ಮೊತ್ತ 1,500 ಕೋಟಿ ರೂಪಾಯಿ, ಅದರಲ್ಲಿ ಇಲಾಖೆಯದು 1,000 ಕೋಟಿ, ಟ್ರಸ್ಟಿನದು 500 ಕೋಟಿ. 2023ರ ಕಾನೂನಿನಿಂದ ಹುಟ್ಟಿದ ಅನುಸಂಧಾನ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನ ಮರುವರ್ಷವೇ ಹೊಸ ಅಧ್ಯಾಪಕ ಸಂಶೋಧಕರಿಗೆ ಮೂರು ವರ್ಷಗಳ ಅವಧಿಗೆ 60 ಲಕ್ಷ ರೂಪಾಯಿವರೆಗಿನ ಅನುದಾನವನ್ನು ಪ್ರಕಟಿಸಿತು. ಪಿಎಚ್.ಡಿ. ಮಾಡುವ ಕಿರಿಯ ಸಂಶೋಧಕರ ಮಾಸಿಕ ವೇತನ 2019ರಲ್ಲಿ 31,000 ರೂಪಾಯಿಗೂ 2023ರಿಂದ 37,000ಕ್ಕೂ ಏರಿತು. 2019ರ ಏರಿಕೆಗೆ ಮುನ್ನ ದೇಶದ ಸಂಶೋಧಕರು ಬೀದಿಗಿಳಿದು ಕೂಗಬೇಕಾಯಿತೆಂಬುದೂ ಇತಿಹಾಸವೇ.

ಆದರೂ ನನ್ನ ಶಿಷ್ಯೆಯ ಮಾತು ಕೇಳಿದ ಮೇಲೆ ನನಗೆ ತೋರುವುದು ಇದು. ಕೊಡುವುದು ಎಷ್ಟು ಎಂಬುದರಷ್ಟೇ ಯಾವಾಗ ಎಂಬುದೂ ದೊಡ್ಡ ಪ್ರಶ್ನೆ. ಡಾಕ್ಟರೇಟ್ ಮುಗಿದು ಖಾಯಂ ಹುದ್ದೆ ಸಿಕ್ಕುವವರೆಗಿನ ಆರೇಳು ವರ್ಷಗಳು ವಿಜ್ಞಾನಿಯ ಬಿತ್ತನೆಯ ಕಾಲ. ಹೊಸ ಪ್ರಶ್ನೆ ಹುಟ್ಟುವುದು ಆಗ, ನಿದ್ದೆಗೆಟ್ಟು ದುಡಿಯುವ ಶಕ್ತಿಯಿರುವುದೂ ಆಗ. ಮನೆಯವರು ಮದುವೆ, ಮಕ್ಕಳು, ಸಾಲ ಎಂದು ಲೆಕ್ಕ ಕೇಳುವುದೂ ಆಗಲೇ. ಒಂದು ಅರ್ಜಿ ಬರೆಯಲು ಮೂರು ತಿಂಗಳು, ಉತ್ತರಕ್ಕೆ ಹತ್ತು ತಿಂಗಳು, ಮಂಜೂರಾದ ಹಣ ಕೈಸೇರಲು ಇನ್ನಷ್ಟು ತಿಂಗಳು ಎಂದು ಅವಳು ತನ್ನ ಅನುಭವ ಹೇಳಿದಳು. ಮಂಜೂರಾಗಿಯೂ ತಡವಾದ ವೇತನಕ್ಕಾಗಿ ಹಿಂದೊಮ್ಮೆ ಐದು ತಿಂಗಳು ಅಣ್ಣನ ಬಳಿ ಕೈಯೊಡ್ಡಿದಳಂತೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಮ್ಮ ಹಿರಿಯರು ಸಂಶೋಧಕರನ್ನು ನೋಡಿಯೇ ಕಟ್ಟಿದರೋ ಏನೋ.

ಕೇಳಿದವರಿಗೆಲ್ಲ ಕೊಡಲಾಗದು, ಸಾರ್ವಜನಿಕರ ಹಣಕ್ಕೆ ಪರೀಕ್ಷೆ ಬೇಕು ಎಂಬುದನ್ನು ನಾನು ಬಲ್ಲೆ. ನಾಗಾವಿಯಲ್ಲಿಯೂ ಯಾರೋ ಆರಿಸಿಯೇ ಸೇರಿಸಿಕೊಂಡಿರಬೇಕು. ನನ್ನ ಆಕ್ಷೇಪಣೆ ಪರೀಕ್ಷೆಯ ಮೇಲಲ್ಲ. ಪರೀಕ್ಷೆಯೇ ತಪಸ್ಸಾಗುವುದರ ಮೇಲೆ. ಬೇಗ ಹೇಳಿದ 'ಇಲ್ಲ' ಎಂಬ ಮಾತಿನಿಂದ ಒಬ್ಬ ತರುಣ ಬೇರೆ ದಾರಿ ಹಿಡಿಯಬಹುದು; ಬೇಗ ಹೇಳಿದ 'ಆಗಲಿ' ಎಂಬುದರಿಂದ ಒಂದು ಜೀವಮಾನದ ಕೆಲಸ ನಡೆಯಬಹುದು. ಎರಡೂ ಇಲ್ಲದೆ ಕಾಯಿಸುವುದರಲ್ಲಿ ಯಾರಿಗೂ ಉಳಿತಾಯವಿಲ್ಲ. ಟಾಟಾ ಇನ್‌ಸ್ಟಿಟ್ಯೂಟಿಗೆ ಕಾದ ಹನ್ನೆರಡೂವರೆ ವರ್ಷಗಳಲ್ಲಿ ಕಳೆದುಹೋದದ್ದೇನು ಎಂಬುದನ್ನು ಲೆಕ್ಕ ಹಾಕಿದವರಿಲ್ಲ. ಆ ಲೆಕ್ಕ ಯಾರಿಗೂ ಸಿಕ್ಕುವಂತೆಯೂ ಇಲ್ಲ.

ಮಾಘದ ಒಂದು ಬೆಳಗ್ಗೆ ಅವಳು ಫೋನು ಮಾಡಿದಳು. ಅರ್ಜಿ ಕೊನೆಯ ಸುತ್ತಿನವರೆಗೆ ಹೋಗಿ ಬಿದ್ದುಹೋಯಿತಂತೆ. ಏನು ಹೇಳಬೇಕೋ ನನಗೆ ತೋಚಲಿಲ್ಲ. ಅವಳೇ ಮಾತು ಮುಂದುವರಿಸಿದಳು.

"ಇನ್ನೊಂದು ಸಲ ಹಾಕಬಹುದು ಸರ್, ಅದೇ ಕೊನೆ. ಅಲ್ಲಿಯವರೆಗೆ ಎಂಟು ತಿಂಗಳು ಇಲ್ಲೇ ಇರೋದಕ್ಕೆ ನಮ್ಮ ಪ್ರೊಫೆಸರು ಹೇಗೋ ಏರ್ಪಾಡು ಮಾಡಿದ್ದಾರೆ. ಒಂದು ವಿಷಯ ಹೇಳಬೇಕು ಅಂತ ಫೋನ್ ಮಾಡಿದೆ. ನೀವು ತಿದ್ದಿದ ಆ ಪತ್ರ ಓದಿ ಹೇಳಿದ ಮೇಲೆ ಆಸ್ಪತ್ರೆಯಲ್ಲಿ ಜನ ಪ್ರಶ್ನೆ ಕೇಳೋದಕ್ಕೆ ಶುರುಮಾಡಿದ್ದಾರೆ. ಮೊದಲು ಸುಮ್ಮನೆ ಹೆಬ್ಬೆಟ್ಟು ಒತ್ತುತ್ತಿದ್ದರು. ನಿನ್ನೆ ಒಬ್ಬ ಅಜ್ಜಿ ಕೇಳಿದರು, ನನ್ನ ಕಫದಿಂದ ನಿನಗೆ ಗೊತ್ತಾಗೋದು ನನ್ನ ಮೊಮ್ಮಗನಿಗೆ ಉಪಯೋಗಕ್ಕೆ ಬರತ್ತೇನವ್ವ ಅಂತ."

"ನೀನೇನು ಹೇಳಿದೆ?"

"ಬರಬಹುದು ಅಂತ ಹೇಳಿದೆ ಸರ್. ಖಂಡಿತ ಅಂತ ಹೇಳೋ ಹಾಗಿಲ್ಲವಲ್ಲ. ಅಷ್ಟಾದರೆ ಸಾಕು ತಗೋ ಅಂದರು."

ಯಾವ ಆಧಾರವನ್ನೂ ಕೇಳದೆ, ಫಲ ತನಗಲ್ಲವೆಂದು ತಿಳಿದೂ ಕೊಟ್ಟ ಆ ಅಜ್ಜಿಯ ಹೆಸರು ಯಾವ ಶಾಸನದಲ್ಲಿಯೂ ಬರುವುದಿಲ್ಲ. ಸಾಲೋಟಗಿಯ ದಾನಿಗಳ ಪಕ್ಕದಲ್ಲಿ ಆಕೆಯದನ್ನೂ ಬರೆದಿಡಬೇಕೆನ್ನಿಸಿತು. ಅದಕ್ಕೇ ಇಷ್ಟು ಬರೆದೆ. ಅವಳ ಕೊನೆಯ ಅರ್ಜಿಗೆ ಬೇಕಾದ ಹಾಳೆಗಳು ಮತ್ತೆ ನನ್ನ ಮೇಜಿನ ಮೇಲಿವೆ. ತಿದ್ದಬೇಕಾದದ್ದು ಈ ಸಲ ಹೆಚ್ಚಿಲ್ಲ.